ನಿಕೋಡೆಮಸ್ ಊರಿನ ಶಾಲೆಗೆ «ಒಂದನೆಯ ಜಿಲ್ಲೆ» ಎಂಬ ಹೆಸರು ಬಂದದ್ದು ಹೇಗೆ?

ಬಯಲದಾರಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕಳೆದ ಬೇಸಿಗೆಯಲ್ಲಿ ನಾವು ಮನೆಮಂದಿಯೆಲ್ಲ ಡೆನ್ವರ್‌ನಿಂದ ಕಾನ್ಸಾಸ್ ಸಿಟಿಯ ಕಡೆಗೆ ಕಾರಿನಲ್ಲಿ ಹೊರಟಿದ್ದೆವು. ದೊಡ್ಡ ಹೆದ್ದಾರಿಯನ್ನು ಬಿಟ್ಟು 24ನೆಯ ನಂಬರಿನ ಹಳೆಯ ಹೆದ್ದಾರಿಯನ್ನು ಹಿಡಿದ ಕಾರಣ, ಕಾನ್ಸಾಸ್ ರಾಜ್ಯದ ವಾಯವ್ಯ ಭಾಗದಲ್ಲಿರುವ ನಿಕೋಡೆಮಸ್ ಎಂಬ ಪುಟ್ಟ ಊರು ದಾರಿಯಲ್ಲಿ ಸಿಕ್ಕಿತು. ಸುತ್ತಲೂ ಗೋಧಿಯ ಹೊಲ ಮತ್ತು ಹುಲ್ಲಿನ ಬಯಲು, ನಡುವೆ ಕೆಲವೇ ಮನೆಗಳು, ಎರಡು ಹಳೆಯ ಚರ್ಚುಗಳು, ಸುಣ್ಣಕಲ್ಲಿನಲ್ಲಿ ಕಟ್ಟಿದ ಒಂದು ಸಭಾಭವನ. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕಪ್ಪುಜನರು 1877ರಲ್ಲಿ ತಾವೇ ಬಂದು ನೆಲೆಸಿದ ಊರು ಇದೆಂದೂ, ಈಗ ಇದು ರಾಷ್ಟ್ರೀಯ ಐತಿಹಾಸಿಕ ತಾಣವೆಂದೂ ಅಲ್ಲಿಯ ಫಲಕಗಳಿಂದ ತಿಳಿಯಿತು.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿಯ ಶಾಲೆಯ ಕಟ್ಟಡ. ಒಂದೇ ಅಂತಸ್ತಿನ, ಯಾವ ಅಲಂಕಾರವೂ ಇಲ್ಲದ ಸಣ್ಣ ಕಟ್ಟಡ. ಅದರ ಅಧಿಕೃತ ಹೆಸರು «ಸ್ಕೂಲ್ ಡಿಸ್ಟ್ರಿಕ್ಟ್ ನಂಬರ್ ಒನ್». ಇಷ್ಟು ದೂರದ, ಇಷ್ಟು ಚಿಕ್ಕ ಊರಿನ ಶಾಲೆಗೆ ಒಂದನೆಯ ನಂಬರು ಹೇಗೆ ಬಂತು ಎಂದು ನನ್ನ ಮಗಳು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಊರಿಗೆ ಮರಳಿದ ಮೇಲೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಈ ಶಾಲೆಯನ್ನು ಮೊದಲು ಆರಂಭಿಸಿದವರು ಯಾರು? ಅದಕ್ಕೆ ಹಣ ಎಲ್ಲಿಂದ ಬರುತ್ತಿತ್ತು? ಅದು ಕಾನೂನಿನ ಪ್ರಕಾರ ಕಪ್ಪುಮಕ್ಕಳಿಗಾಗಿ ಪ್ರತ್ಯೇಕವಾಗಿ ಇಟ್ಟ ಶಾಲೆಯೇ? ಮುಚ್ಚಿದ್ದು ಏಕೆ? ಕಾನ್ಸಾಸ್‌ನಲ್ಲಿ ಬಹುಕಾಲದಿಂದ ನೆಲೆಸಿರುವ ಕನ್ನಡಿಗರು ಈ ಬಳಗದಲ್ಲಿ ಇದ್ದೀರಿ ಎಂಬ ಭರವಸೆಯಿಂದ ಕೇಳುತ್ತಿದ್ದೇನೆ. ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಹಳೆಯ ಗ್ರಂಥಪಾಲಕ:

ನಿಮ್ಮ ಮಗಳ ಪ್ರಶ್ನೆ ಒಳ್ಳೆಯ ಪ್ರಶ್ನೆ. ಅದಕ್ಕೆ ನೇರವಾದ ಉತ್ತರವಿದೆ: ಈ ಊರು ಸೇರಿರುವ ಗ್ರಹಾಂ ಕೌಂಟಿಯಲ್ಲಿ (ಕೌಂಟಿ ಎಂದರೆ ರಾಜ್ಯದೊಳಗಿನ ಒಂದು ಆಡಳಿತ ವಿಭಾಗ) ಎಲ್ಲಕ್ಕಿಂತ ಮೊದಲು ರೂಪುಗೊಂಡ ಶಾಲಾ ಜಿಲ್ಲೆ, ಎಂದರೆ ತನ್ನ ಶಾಲೆಯನ್ನು ತಾನೇ ನಡೆಸಿಕೊಳ್ಳುವ ಸಣ್ಣ ಪ್ರದೇಶ, ನಿಕೋಡೆಮಸ್‌ನದು. 1879ರಲ್ಲೇ ಇಲ್ಲಿ ಶಾಲೆ ನಡೆಯತೊಡಗಿತ್ತು. ಕೌಂಟಿಯ ಆಡಳಿತವೇ ಸ್ಥಾಪನೆಯಾದದ್ದು 1880ರಲ್ಲಿ. ಅಂದರೆ ಕಚೇರಿ, ಕೋರ್ಟು, ಖಜಾನೆ ಇವೆಲ್ಲ ಬರುವ ಮುಂಚೆಯೇ ಈ ಜನ ತಮ್ಮ ಮಕ್ಕಳಿಗೆ ಪಾಠ ಹೇಳುವ ಏರ್ಪಾಡನ್ನು ಮಾಡಿಕೊಂಡಿದ್ದರು. ನಂತರ ಸುತ್ತಮುತ್ತ ಬಂದ ಬಿಳಿಯರ ವಸಾಹತುಗಳ ಶಾಲೆಗಳಿಗೆ ಎರಡು, ಮೂರು ಎಂದು ನಂಬರುಗಳು ಬಂದವು.

ಮೊದಲ ಶಿಕ್ಷಕಿಯ ಹೆಸರು ಜೆನಿ ಸ್ಮಿತ್ ಫ್ಲೆಚರ್. ಊರನ್ನು ಕಟ್ಟಲೆಂದು 1877ರ ಏಪ್ರಿಲ್‌ನಲ್ಲಿ ಸ್ಥಾಪಿಸಿದ ನಿಕೋಡೆಮಸ್ ಟೌನ್ ಕಂಪನಿಯ ಅಧ್ಯಕ್ಷರಾಗಿದ್ದ ಡಬ್ಲ್ಯು. ಎಚ್. ಸ್ಮಿತ್ ಅವರ ಮಗಳು ಆಕೆ. ಊರಿನ ಮೊದಲ ನೆಲಸಿಗರಲ್ಲಿ ಒಬ್ಬರಾಗಿದ್ದು, ಮುಂದೆ ಅಂಚೆ ಕಚೇರಿಯನ್ನೂ ಸೇಂಟ್ ಫ್ರಾನ್ಸಿಸ್ ಹೋಟೆಲನ್ನೂ ನಡೆಸಿದ ಜಕರಿ ಫ್ಲೆಚರ್ ಅವರ ಪತ್ನಿ. ಅಂಚೆಯ ಕೆಲಸದಲ್ಲೂ ಆಕೆಯ ಪಾಲು ದೊಡ್ಡದು. ಆಕೆ ಪಾಠ ಆರಂಭಿಸಿದ್ದು ತಮ್ಮ ಮನೆಯಲ್ಲೇ. ಆದರೆ «ಮನೆ» ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಗೋಡೆ, ಮಾಡು, ಕಿಟಕಿಗಳ ಚಿತ್ರವನ್ನು ಇಲ್ಲಿ ಬದಿಗಿಡಬೇಕು.

ಆ ಬಯಲಿನಲ್ಲಿ ಹಳ್ಳಕೊಳ್ಳಗಳ ದಂಡೆಯನ್ನು ಬಿಟ್ಟರೆ ಮರಗಳೇ ಇರಲಿಲ್ಲ. 1877ರ ಸೆಪ್ಟೆಂಬರಿನಲ್ಲಿ ಕೆಂಟಕಿಯಿಂದ ಬಂದ ಸುಮಾರು 300 ಜನರ ಮೊದಲ ದೊಡ್ಡ ತಂಡಕ್ಕೆ ತೊಲೆ ಹಲಗೆಗಳನ್ನು ತರಿಸುವ ಹಣವೂ ಇರಲಿಲ್ಲ, ಚಳಿಗಾಲ ಬರುವುದರೊಳಗೆ ಕಟ್ಟಡ ಮುಗಿಸುವಷ್ಟು ಕಾಲಾವಕಾಶವೂ ಇರಲಿಲ್ಲ. ಅವರು ದಿಬ್ಬದ ಮಗ್ಗುಲನ್ನು ಅಗೆದು, ಒಳಗೆ ಕೋಣೆಯಷ್ಟು ಜಾಗ ಮಾಡಿ, ಮೇಲೆ ಕೊಂಬೆ, ಹುಲ್ಲು, ಮಣ್ಣು ಹಾಕಿ ಮುಚ್ಚಿಕೊಂಡು ವಾಸಿಸಿದರು. ಮರುವರ್ಷದ ವಸಂತದಲ್ಲಿ ಬಂದ ವಿಲಿಯಾನಾ ಹಿಕ್‌ಮನ್ ಎಂಬಾಕೆ ತಮ್ಮ ಇಳಿವಯಸ್ಸಿನಲ್ಲಿ ನೆನೆದ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ಎಲಿಸ್ ಎಂಬ ರೈಲು ನಿಲ್ದಾಣದಲ್ಲಿ ಇಳಿದು ಎರಡು ದಿನ ಪಯಣಿಸಿ ಬಂದ ಮೇಲೆ, ಜೊತೆಯವರು ಊರು ಬಂತೆಂದು ಸಂತೋಷದಿಂದ ಕೂಗಿದರಂತೆ. ಆಕೆಗೆ ಮಾತ್ರ ಊರು ಕಾಣಲಿಲ್ಲ. ಎಲ್ಲಿದೆ ಎಂದು ಕೇಳಿದಾಗ, ನೆಲದೊಳಗಿನಿಂದ ಮೇಲೇಳುತ್ತಿದ್ದ ಹೊಗೆಯನ್ನು ಗಂಡ ತೋರಿಸಿದರು. ಆಕೆ ಅತ್ತುಬಿಟ್ಟರು. ಜೆನಿ ಫ್ಲೆಚರ್ ಅವರ ಶಾಲೆ ನಡೆದದ್ದು ಅಂಥ ಹೊಗೆಯೇಳುವ ನೆಲಮನೆಯೊಂದರಲ್ಲಿ.

ಆ ಮೊದಲ ಚಳಿಗಾಲದಲ್ಲಿ ಊರು ಉಳಿದದ್ದೇ ದೊಡ್ಡ ಮಾತು. ಬೇಟೆಯಿಂದ ಮರಳುತ್ತಿದ್ದ ಓಸೇಜ್ ಮೂಲನಿವಾಸಿಗಳು ತಮ್ಮ ಮಾಂಸದಲ್ಲಿ ಪಾಲು ಕೊಟ್ಟು ಹೋದದ್ದನ್ನು ನಿಕೋಡೆಮಸ್‌ನ ಮನೆತನಗಳು ಇಂದಿಗೂ ಹೇಳುತ್ತವೆ. ಹೊಟ್ಟೆಗೇ ಇಲ್ಲದ ಜನ ಎರಡು ವರ್ಷದೊಳಗೆ ಶಾಲೆ ಏಕೆ ತೆರೆದರು ಎಂಬುದೇ ನನಗೆ ಇಡೀ ಕಥೆಯ ತಿರುಳಾಗಿ ಕಾಣುತ್ತದೆ. ದಕ್ಷಿಣದ ರಾಜ್ಯಗಳಲ್ಲಿ ಗುಲಾಮರಿಗೆ ಓದು ಬರಹ ಕಲಿಸುವುದು ಕಾನೂನಿನಂತೆ ಅಪರಾಧವಾಗಿತ್ತು. ಈ ಊರಿನ ಸ್ಥಾಪಕರಲ್ಲಿ ಒಬ್ಬರಾದ ಧರ್ಮಬೋಧಕ ಸೈಮನ್ ರೌಂಡ್‌ಟ್ರೀ ಅವರ ಕೆನ್ನೆಯ ಮೇಲೆ ಬರೆಯ ಗುರುತಿತ್ತೆಂದೂ, ಒಡೆಯನ ಮಗನಿಂದ ಅಕ್ಷರ ಕಲಿತ ತಪ್ಪಿಗೆ ಅವರಿಗೆ ಆ ಶಿಕ್ಷೆ ಆಗಿತ್ತೆಂದೂ ಊರಿನಲ್ಲಿ ಹೇಳಿಕೊಂಡು ಬಂದಿದ್ದಾರೆ. ಆ ಮುಖವನ್ನು ದಿನವೂ ನೋಡುತ್ತಿದ್ದ ಊರಿನವರಿಗೆ ಶಾಲೆ ಎಂದರೆ ಏನೆಂದು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ನೆಲಮನೆಯ ಶಾಲೆಯಿಂದ ಮುಂದೆ 1887ರಲ್ಲಿ ಪ್ರತ್ಯೇಕ ಶಾಲಾಕಟ್ಟಡವೊಂದು ಎದ್ದಿತು. ಅದು ಬೆಂಕಿಗೆ ಆಹುತಿಯಾದ ಮೇಲೆ 1918ರಲ್ಲಿ ಕಟ್ಟಿದ್ದೇ ನೀವು ನೋಡಿದ ಕಟ್ಟಡ.

ಭೂಮಾಪಕ:

ಹಣದ ಪ್ರಶ್ನೆಗೆ ನನ್ನ ವೃತ್ತಿಯ ಕಡೆಯಿಂದ ಉತ್ತರಿಸಲು ಯತ್ನಿಸುತ್ತೇನೆ. ಇದು ನಿಕೋಡೆಮಸ್‌ಗೆ ಮಾತ್ರವಲ್ಲ, ಪ್ರೇರಿ ಬಯಲಿನ ಬಹುಪಾಲು ಶಾಲೆಗಳಿಗೆ ಅನ್ವಯಿಸುವ ವಿಷಯ.

ಅಮೆರಿಕದ ಸರ್ಕಾರ ಪಶ್ಚಿಮದ ನೆಲವನ್ನು ಅಳೆದದ್ದು ಚದುರಂಗದ ಹಾಸಿನಂತೆ. ಉದ್ದಗಲ ಆರಾರು ಮೈಲಿಯ ಒಂದು ಚೌಕಕ್ಕೆ ಟೌನ್‌ಶಿಪ್ ಎಂದು ಹೆಸರು. ಅದರೊಳಗೆ ಒಂದೊಂದು ಚದರ ಮೈಲಿಯ, ಎಂದರೆ 640 ಎಕರೆಯ, 36 ಸೆಕ್ಷನ್‌ಗಳು. ಪ್ರತಿ ಟೌನ್‌ಶಿಪ್ಪಿನ 16ನೆಯ ಸೆಕ್ಷನ್ ಶಾಲೆಗಳಿಗೆ ಮೀಸಲು ಎಂಬ ನಿಯಮ 1785ರಷ್ಟು ಹಿಂದೆಯೇ ಬಂದಿತ್ತು. ಕಾನ್ಸಾಸ್ 1861ರಲ್ಲಿ ರಾಜ್ಯವಾದಾಗ ಅದಕ್ಕೆ 16 ಮತ್ತು 36, ಹೀಗೆ ಎರಡು ಸೆಕ್ಷನ್‌ಗಳು ಸಿಕ್ಕವು. ಲೆಕ್ಕ ಹಾಕಿದರೆ ಟೌನ್‌ಶಿಪ್ಪೊಂದಕ್ಕೆ 1280 ಎಕರೆ, ಹದಿನೆಂಟರಲ್ಲಿ ಒಂದು ಪಾಲು. ಶಾಲೆ ಆ ಸೆಕ್ಷನ್‌ನಲ್ಲೇ ಇರಬೇಕೆಂದೇನೂ ಇರಲಿಲ್ಲ. ಆ ನೆಲವನ್ನು ಮಾರಿ ಬಂದ ಹಣವನ್ನು ರಾಜ್ಯದ ಶಾಶ್ವತ ಶಾಲಾ ನಿಧಿಗೆ ಸೇರಿಸಿ, ಅದರ ಬಡ್ಡಿಯನ್ನು ಮಕ್ಕಳ ಸಂಖ್ಯೆಗೆ ಅನುಗುಣವಾಗಿ ಜಿಲ್ಲೆಗಳಿಗೆ ಹಂಚುತ್ತಿದ್ದರು. ಈ ನೆಲವೆಲ್ಲ ಪಾವ್ನೀ, ಶಾಯನ್ ಮುಂತಾದ ಮೂಲನಿವಾಸಿಗಳ ಬೇಟೆಯ ಬಯಲಾಗಿತ್ತು, ಅವರನ್ನು ಒಕ್ಕಲೆಬ್ಬಿಸಿದ ಮೇಲೆಯೇ ಈ ಅಳತೆಯ ಗೂಟಗಳು ನೆಟ್ಟವು ಎಂಬುದನ್ನು ಹೇಳದೆ ಈ ಲೆಕ್ಕವನ್ನು ಮುಗಿಸಲು ನನಗೆ ಮನಸ್ಸು ಒಪ್ಪುವುದಿಲ್ಲ.

ಬಡ್ಡಿಯ ಹಣ ಸಾಲುತ್ತಿರಲಿಲ್ಲ. ಉಳಿದದ್ದನ್ನು ಶಾಲಾ ಜಿಲ್ಲೆಯೊಳಗಿನ ಆಸ್ತಿಯ ಮೇಲೆ ತೆರಿಗೆ ಹಾಕಿ ಕೂಡಿಸಿಕೊಳ್ಳಬೇಕಿತ್ತು. ಇಲ್ಲಿ ಬಯಲುಸೀಮೆಯ ವಸಾಹತುಗಳಿಗೆ ಒಂದು ಪೇಚಿತ್ತು. 1862ರ ಹೋಮ್‌ಸ್ಟೆಡ್ ಕಾಯ್ದೆಯಂತೆ 160 ಎಕರೆ ಹಿಡಿದು ಉಳುತ್ತಿದ್ದವನಿಗೆ ಐದು ವರ್ಷ ಅಲ್ಲೇ ವಾಸವಿದ್ದು ಸಾಗುವಳಿ ಮಾಡಿದ ಮೇಲೆ ಪಟ್ಟಾ ಕೈಸೇರುತ್ತಿತ್ತು. ಪಟ್ಟಾ ಬರುವ ತನಕ ನೆಲ ಸರ್ಕಾರದ್ದಾದ್ದರಿಂದ ಅದರ ಮೇಲೆ ತೆರಿಗೆ ಹಾಕುವಂತಿರಲಿಲ್ಲ. ಹೀಗಾಗಿ ಹೊಸ ಊರಿನಲ್ಲಿ ಮಕ್ಕಳು ತುಂಬ, ತೆರಿಗೆ ಕೊಡುವ ಆಸ್ತಿ ಅತಿ ಕಡಿಮೆ. ಮೊದಲ ಶಾಲೆ ಶಿಕ್ಷಕಿಯ ಸ್ವಂತ ಮನೆಯಲ್ಲಿ ನಡೆದದ್ದೂ, ಕಟ್ಟಡವೊಂದು ಏಳಲು 1887ರವರೆಗೆ ಕಾಯಬೇಕಾದದ್ದೂ ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ ಎಂದು ನನ್ನ ಅಭಿಪ್ರಾಯ.

ನಿವೃತ್ತ ಶಿಕ್ಷಕಿ:

ಗ್ರಂಥಪಾಲಕರ ಉತ್ತರ ಓದಿ ಮನಸ್ಸು ತುಂಬಿತು. ಒಂದು ತಿದ್ದುಪಡಿಯನ್ನು ಸೂಚಿಸಲು ಅನುಮತಿ ಬೇಡುತ್ತೇನೆ. ಗುಲಾಮರಿಗೆ ಅಕ್ಷರ ಕಲಿಸುವುದನ್ನು ನಿಷೇಧಿಸಿದ ಕಾನೂನುಗಳು ವರ್ಜೀನಿಯಾ, ಜಾರ್ಜಿಯಾ, ಎರಡೂ ಕೆರೊಲಿನಾಗಳು ಮುಂತಾದ ಕಡೆ ಇದ್ದವು, ನಿಜ. ಆದರೆ ನಿಕೋಡೆಮಸ್‌ನ ಬಹುಪಾಲು ಕುಟುಂಬಗಳು ಬಂದದ್ದು ಕೆಂಟಕಿಯ ಲೆಕ್ಸಿಂಗ್ಟನ್ ಮತ್ತು ಜಾರ್ಜ್‌ಟೌನ್ ಸುತ್ತಿನಿಂದ. ಕೆಂಟಕಿಯಲ್ಲಿ ಅಂಥ ಕಾನೂನು ಇರಲಿಲ್ಲ. ಇದರಿಂದ ಅಲ್ಲಿಯ ಗುಲಾಮರು ಓದುಬಲ್ಲವರಾಗಿದ್ದರು ಎಂದೇನೂ ಆಗುವುದಿಲ್ಲ. ಕಾನೂನಿನ ಬದಲು ಒಡೆಯನ ಮರ್ಜಿ ನಡೆಯುತ್ತಿತ್ತು, ಮತ್ತು ಹೆಚ್ಚಿನ ಒಡೆಯರ ಮರ್ಜಿ ಯಾವ ಕಡೆಗಿತ್ತು ಎಂಬುದಕ್ಕೆ ರೌಂಡ್‌ಟ್ರೀ ಅವರ ಕೆನ್ನೆಯ ಕಥೆಯಂಥವು ಸಾಕು.

ವಲಸೆಗೆ ಕಾರಣವಾದ ಸಂಗತಿಯನ್ನು ಬಿಡುಗಡೆಯ ನಂತರದ ವರ್ಷಗಳಲ್ಲಿ ಹುಡುಕಬೇಕು. ಕೆಂಟಕಿಯ ಶಾಸನಸಭೆ 1874ರಲ್ಲಿ ಕಪ್ಪುಮಕ್ಕಳಿಗೆ ಪ್ರತ್ಯೇಕ ಶಾಲೆಗಳ ವ್ಯವಸ್ಥೆಯನ್ನು ಮಾಡಿತು. ಆದರೆ ಆ ಶಾಲೆಗಳು ಕಪ್ಪುಜನರು ಕೊಡುವ ತೆರಿಗೆಯಿಂದಲೇ ನಡೆಯತಕ್ಕದ್ದು ಎಂದು ವಿಧಿಸಿತು. ಹತ್ತು ವರ್ಷದ ಹಿಂದಿನವರೆಗೆ ತಮ್ಮ ದೇಹವೇ ತಮ್ಮದಲ್ಲದಿದ್ದ ಜನರ ಬಳಿ ತೆರಿಗೆ ಹಾಕುವಂಥ ಆಸ್ತಿ ಎಷ್ಟಿದ್ದೀತು? ಶಾಲೆ ಹೆಸರಿಗೆ ಇತ್ತು, ಹಣ ಇರಲಿಲ್ಲ. ಬಿಳಿಯ ಮಗುವಿಗೂ ಕಪ್ಪುಮಗುವಿಗೂ ತಲಾ ಸಮನಾದ ಹಣ ಕೊಡಬೇಕೆಂಬ ನಿಯಮ ಅಲ್ಲಿ ಬಂದದ್ದು 1882ರಲ್ಲಿ. ನಿಕೋಡೆಮಸ್‌ನ ಕುಟುಂಬಗಳು ಹೊರಟದ್ದು ಆ ಎರಡು ವರ್ಷಗಳ ನಡುವೆ. ಭೂಮಿಯ ಆಸೆ ಅವರನ್ನು ಸೆಳೆದದ್ದು ಹೌದು, ಕರಪತ್ರಗಳಲ್ಲಿ ಅದೇ ಮುಂದಿತ್ತು. ಆದರೆ ಒಬ್ಬ ತಾಯಿ ಮಕ್ಕಳನ್ನು ಕಟ್ಟಿಕೊಂಡು ಅಷ್ಟು ದೂರ ಹೊರಡುವಾಗ ಮಕ್ಕಳ ಓದಿನ ಯೋಚನೆ ಅವಳ ಗಂಟಿನಲ್ಲಿ ಇರಲಿಲ್ಲವೆಂದು ನಾನು ನಂಬಲಾರೆ.

ಇನ್ನೊಂದು ಸಂಗತಿಯನ್ನು ಯಾರೂ ಹೇಳದೆ ಇರುವುದರಿಂದ ಸೇರಿಸುತ್ತೇನೆ. ಕಾನ್ಸಾಸ್‌ನಲ್ಲಿ 1861ರಿಂದಲೇ ಹೆಂಗಸರಿಗೆ ಶಾಲಾ ಜಿಲ್ಲೆಯ ಸಭೆ ಮತ್ತು ಚುನಾವಣೆಗಳಲ್ಲಿ ಮತ ಹಾಕುವ ಹಕ್ಕಿತ್ತು. ಪ್ರತಿ ಜಿಲ್ಲೆಗೆ ಒಬ್ಬ ನಿರ್ದೇಶಕ, ಒಬ್ಬ ಗುಮಾಸ್ತ, ಒಬ್ಬ ಖಜಾಂಚಿ, ಹೀಗೆ ಮೂವರ ಮಂಡಳಿ. ಅವರನ್ನು ಆರಿಸುವವರು ಜಿಲ್ಲೆಯ ನಿವಾಸಿಗಳು. ಆದ್ದರಿಂದ ಒಂದನೆಯ ಜಿಲ್ಲೆ ರೂಪುಗೊಂಡಾಗ, ಗುಲಾಮಗಿರಿಯಲ್ಲಿ ಹುಟ್ಟಿದ ಹೆಂಗಸರಿಗೆ ಶಾಲೆಯ ವಿಷಯದಲ್ಲಿ ಮತಾಧಿಕಾರ ದೊರೆತಿತ್ತು. ರಾಷ್ಟ್ರಮಟ್ಟದಲ್ಲಿ ಮಹಿಳೆಯರ ಮತದಾನದ ಹಕ್ಕು ಸಂವಿಧಾನಕ್ಕೆ ಸೇರಿದ್ದು 1920ರಲ್ಲಿ, ನಲವತ್ತು ವರ್ಷ ಕಳೆದ ಮೇಲೆ. ಮೂವತ್ತೊಂದು ವರ್ಷ ಹಳ್ಳಿಯ ಶಾಲೆಗಳಲ್ಲಿ ದುಡಿದವಳಾಗಿ, ಶಾಲೆಯ ಮಂಡಳಿಯ ಸಭೆಯಲ್ಲಿ ತಾಯಂದಿರು ಕೈಯೆತ್ತಿ ಮತ ಹಾಕುವುದೆಂದರೆ ಎಷ್ಟು ದೊಡ್ಡ ಸಂಗತಿ ಎಂಬುದನ್ನು ನಾನು ಬಲ್ಲೆ.

ಹಳೆಯ ಗ್ರಂಥಪಾಲಕ:

ಶಿಕ್ಷಕಿಯವರ ತಿದ್ದುಪಡಿ ಸರಿಯಾದುದು. ಕೆಂಟಕಿಯನ್ನು ಉಳಿದ ರಾಜ್ಯಗಳೊಡನೆ ಸೇರಿಸಿ ಹೇಳಿದ್ದು ನನ್ನ ತಪ್ಪು. 1874ರ ಕಾನೂನನ್ನು ನೆನಪಿಸಿದ್ದಕ್ಕೆ ಕೃತಜ್ಞತೆಗಳು. ಅದು ಈ ಶಾಲೆಯ ಹುಟ್ಟನ್ನು ಅರಿಯಲು ನಿಜವಾಗಿಯೂ ಬೇಕಾದ ಕೊಂಡಿ. ಕೆಲವರು ನಿಕೋಡೆಮಸ್‌ನವರನ್ನು 1879ರಲ್ಲಿ ಮಿಸಿಸಿಪಿ, ಲೂಸಿಯಾನಾ ಮುಂತಾದ ಕಡೆಗಳಿಂದ ಸಾವಿರಾರು ಸಂಖ್ಯೆಯಲ್ಲಿ ಕಾನ್ಸಾಸ್‌ಗೆ ಬಂದವರೊಡನೆ ಸೇರಿಸಿಬಿಡುತ್ತಾರೆ. ಇವರು ಅದಕ್ಕಿಂತ ಎರಡು ವರ್ಷ ಮುಂಚೆ, ಒಂದು ಸಂಘಟಿತ ವಸಾಹತಾಗಿ ಬಂದವರು.

ನ್ಯಾಯಪಥ:

ಪ್ರತ್ಯೇಕ ಶಾಲೆಯ ಪ್ರಶ್ನೆಗೆ ಬರುತ್ತೇನೆ. ಕಾನ್ಸಾಸ್ ಎಂದೊಡನೆ ಕಾನೂನು ಓದಿದ ಯಾರಿಗಾದರೂ ನೆನಪಾಗುವುದು ರಾಜಧಾನಿ ಟೊಪೀಕಾದ ಶಾಲಾ ಮಂಡಳಿಯ ವಿರುದ್ಧ ಬ್ರೌನ್ ಎಂಬವರು ಹೂಡಿದ ಮೊಕದ್ದಮೆ. ಬಣ್ಣದ ಆಧಾರದ ಮೇಲೆ ಮಕ್ಕಳನ್ನು ಬೇರೆ ಬೇರೆ ಶಾಲೆಗಳಲ್ಲಿ ಇಡುವುದು ಸಂವಿಧಾನಬಾಹಿರ ಎಂದು ಅಮೆರಿಕದ ಸುಪ್ರೀಂ ಕೋರ್ಟು 1954ರ ಮೇ 17ರಂದು ತೀರ್ಪು ಕೊಟ್ಟದ್ದು ಅದರಲ್ಲೇ. ಆದ್ದರಿಂದ ರಾಜ್ಯದ ಎಲ್ಲ ಶಾಲೆಗಳೂ ಹಾಗೆಯೇ ಬೇರ್ಪಟ್ಟಿದ್ದವೆಂದು ಜನ ಭಾವಿಸುತ್ತಾರೆ. ನಿಜಸ್ಥಿತಿ ಹಾಗಿರಲಿಲ್ಲ.

1879ರ ಕಾನ್ಸಾಸ್ ಕಾಯ್ದೆ ಪ್ರತ್ಯೇಕ ಶಾಲೆಗಳನ್ನು ನಡೆಸುವ ಅಧಿಕಾರವನ್ನು ಕೊಟ್ಟದ್ದು ದೊಡ್ಡ ನಗರಗಳಿಗೆ, ಅದೂ ಪ್ರಾಥಮಿಕ ತರಗತಿಗಳಿಗೆ ಮಾತ್ರ. ಅದು ಅನುಮತಿಯೇ ಹೊರತು ಆಜ್ಞೆಯಲ್ಲ. ಬ್ರೌನ್ ಮೊಕದ್ದಮೆಯ ಕಾಲಕ್ಕೆ ಈ ಅನುಮತಿ 15,000ಕ್ಕಿಂತ ಹೆಚ್ಚು ಜನಸಂಖ್ಯೆಯುಳ್ಳ ನಗರಗಳಿಗೆ ಸೀಮಿತವಾಗಿತ್ತು. ಸಣ್ಣ ಊರುಗಳ ಮಂಡಳಿಗಳಿಗೆ ಆ ಅಧಿಕಾರವಿಲ್ಲ ಎಂಬುದನ್ನು ಕಾನ್ಸಾಸ್‌ನ ಸರ್ವೋಚ್ಚ ನ್ಯಾಯಾಲಯ 1881ರಲ್ಲೇ ಒಟಾವಾ ಎಂಬ ಊರಿನ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು. ಟಿನ್ನನ್ ಎಂಬ ಕಪ್ಪುಬಾಲಕನನ್ನು ಶಾಲಾ ಮಂಡಳಿ ಬಣ್ಣದ ಕಾರಣದಿಂದ ಹೊರಗಿಡಲು ಯತ್ನಿಸಿತ್ತು. ಕೋರ್ಟು ಬಾಲಕನ ಪರವಾಗಿ ತೀರ್ಪು ಕೊಟ್ಟಿತು.

ನಿಕೋಡೆಮಸ್ ಎಂದೂ ನಗರದ ಗಾತ್ರಕ್ಕೆ ಬೆಳೆದುದಲ್ಲ. ಆದ್ದರಿಂದ ಒಂದನೆಯ ಜಿಲ್ಲೆಯ ಶಾಲೆ ಕಾನೂನು ಬೇರ್ಪಡಿಸಿದ ಶಾಲೆಯಲ್ಲ. ಅಲ್ಲಿ ಕಪ್ಪುಮಕ್ಕಳು ಓದಿದ್ದು ಅದು ಕಪ್ಪುಜನರ ಊರಾದ್ದರಿಂದ. ಹೊರನೋಟಕ್ಕೆ ಎರಡೂ ಒಂದೇ ಎಂದು ತೋರಬಹುದು. ನನಗೆ ಇವೆರಡರ ನಡುವಿನ ಅಂತರ ಬಹಳ ದೊಡ್ಡದಾಗಿ ಕಾಣುತ್ತದೆ. ಟೊಪೀಕಾದ ಮನ್ರೋ ಶಾಲೆಗೆ ಕಪ್ಪುಮಗುವನ್ನು ಕಳಿಸಬೇಕೆಂದು ತೀರ್ಮಾನಿಸುತ್ತಿದ್ದವರು ಮತ್ತೊಬ್ಬರು. ನಿಕೋಡೆಮಸ್‌ನಲ್ಲಿ ಶಾಲೆ ಎಲ್ಲಿರಬೇಕು, ಯಾರು ಪಾಠ ಹೇಳಬೇಕು, ತೆರಿಗೆ ಎಷ್ಟಿರಬೇಕು ಎಂಬುದನ್ನು ತೀರ್ಮಾನಿಸುತ್ತಿದ್ದವರು ಮಕ್ಕಳ ಹೆತ್ತವರೇ. ಅದೇ ಊರಿನ ಎಡ್ವರ್ಡ್ ಮೆಕೇಬ್ ಮೊದಲು ಕೌಂಟಿಯ ಗುಮಾಸ್ತರಾಗಿ, ನಂತರ 1882ರಲ್ಲಿ ಇಡೀ ರಾಜ್ಯದ ಲೆಕ್ಕಪರಿಶೋಧಕರಾಗಿ ಚುನಾಯಿತರಾದರು. ಆಡಳಿತ ನಡೆಸುವುದು ಆ ಮಕ್ಕಳ ಕಣ್ಣಿಗೆ ತಮ್ಮವರ ಕೆಲಸವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಬಯಲದಾರಿ:

ಇಷ್ಟು ಆಳವಾದ ಉತ್ತರಗಳನ್ನು ನಿರೀಕ್ಷಿಸಿರಲಿಲ್ಲ. ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಮಗಳಿಗೆ ಓದಿ ಹೇಳಿದೆ. ನೆಲದೊಳಗಿನ ಶಾಲೆಯಲ್ಲಿ ಬೆಳಕು ಎಲ್ಲಿಂದ ಬರುತ್ತಿತ್ತು ಎಂದು ಕೇಳಿದಳು. ಜೊತೆಗೆ ನನ್ನದೊಂದು ಸಂದೇಹ. 1887ರಲ್ಲಿ ಶಾಲಾಕಟ್ಟಡ ಕಟ್ಟುವಷ್ಟು ಚೈತನ್ಯವಿದ್ದ ಊರು ಈಗ ಇಪ್ಪತ್ತರ ಆಸುಪಾಸಿನ ಜನಕ್ಕೆ ಇಳಿದದ್ದು ಹೇಗೆ, ಶಾಲೆ ಅದನ್ನು ಎಷ್ಟು ಕಾಲ ತಡೆದು ನಿಂತಿತು?

ಹಳೆಯ ಗ್ರಂಥಪಾಲಕ:

ಮೊದಲು ಮಗುವಿನ ಪ್ರಶ್ನೆ. ಇಂಥ ನೆಲಮನೆಗಳಿಗೆ ದಿಬ್ಬದ ಹೊರಮುಖದಲ್ಲಿ ಬಾಗಿಲು, ಸಾಧ್ಯವಾದರೆ ಅದರ ಪಕ್ಕದಲ್ಲಿ ಒಂದು ಚಿಕ್ಕ ಕಿಟಕಿ ಇರುತ್ತಿತ್ತು. ಬಾಗಿಲು ತೆರೆದಿಟ್ಟರೆ ಬೆಳಕಿನ ಜೊತೆ ಚಳಿಗಾಳಿಯೂ ಒಳಗೆ ಬರುತ್ತಿತ್ತು. ಮುಚ್ಚಿದರೆ ಒಲೆಯ ಬೆಳಕೇ ಗತಿ. ಸೌದೆ ಸಿಗದ ಆ ಬಯಲಿನಲ್ಲಿ ಒಣಗಿದ ಸಗಣಿಯನ್ನೂ ಸೂರ್ಯಕಾಂತಿಯ ದಂಟುಗಳನ್ನೂ ಉರಿಸುತ್ತಿದ್ದರು. ಬೆರಣಿ ತಟ್ಟಿ ಒಲೆ ಹಚ್ಚುವುದನ್ನು ನೋಡಿ ಬೆಳೆದ ನಮಗೆ ಇದನ್ನು ಮಕ್ಕಳಿಗೆ ವಿವರಿಸುವುದು ಕಷ್ಟವಾಗದು.

ನಿಮ್ಮ ಸಂದೇಹಕ್ಕೆ ಉತ್ತರ 1887 ಮತ್ತು 1888 ಎಂಬ ಎರಡು ವರ್ಷಗಳಲ್ಲಿದೆ. 1887ರ ಹೊತ್ತಿಗೆ ಊರಿನಲ್ಲಿ ಅಂಗಡಿಗಳು, ಹೋಟೆಲು, ಚರ್ಚುಗಳು, ಎರಡು ಪತ್ರಿಕೆಗಳು ಇದ್ದವು. ಬರಬೇಕಾಗಿದ್ದದ್ದು ರೈಲು. ಆ ವರ್ಷದ ಮಾರ್ಚಿಯಲ್ಲಿ ನಿಕೋಡೆಮಸ್ ಟೌನ್‌ಶಿಪ್ಪಿನ ಮತದಾರರು ಮಿಸೂರಿ ಪೆಸಿಫಿಕ್ ರೈಲು ಕಂಪನಿಯನ್ನು ತಮ್ಮ ಊರಿನ ಮೂಲಕ ಕರೆಸಿಕೊಳ್ಳಲು 16,000 ಡಾಲರಿನ ಬಾಂಡುಗಳಿಗೆ ಒಪ್ಪಿಗೆ ಕೊಟ್ಟರು. ಹತ್ತು ವರ್ಷದ ಹಿಂದೆ ನೆಲದೊಳಗೆ ಚಳಿಗಾಲ ಕಳೆದ ಜನ ಅಷ್ಟು ದೊಡ್ಡ ಹೊಣೆಯನ್ನು ತಲೆಯ ಮೇಲೆ ಹೊತ್ತರು. ಶಾಲಾಕಟ್ಟಡವೂ ಅದೇ ವರ್ಷದ್ದು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು: ಊರು ಬೆಳೆಯುತ್ತದೆ, ಮಕ್ಕಳು ಹೆಚ್ಚುತ್ತಾರೆ ಎಂಬ ನಂಬಿಕೆ ಆ ವರ್ಷ ಎಲ್ಲರಲ್ಲೂ ಇತ್ತು.

ಮರುವರ್ಷ ಆ ಮಾತುಕತೆ ಮುರಿದುಬಿತ್ತು. ಯೂನಿಯನ್ ಪೆಸಿಫಿಕ್ ಎಂಬ ಇನ್ನೊಂದು ಕಂಪನಿ ತನ್ನ ಹಳಿಯನ್ನು ಸಾಲೊಮನ್ ನದಿಯ ಆಚೆ ದಡದಲ್ಲಿ ಹಾಕಿತು. ಅಲ್ಲಿ ಬೋಗ್ ಎಂಬ ಹೊಸ ಊರು ಹುಟ್ಟಿತು. ನಿಕೋಡೆಮಸ್‌ನ ವ್ಯಾಪಾರಿಗಳು ಒಬ್ಬೊಬ್ಬರಾಗಿ ಅತ್ತ ಸರಿದರು. ಕೆಲವರು ಅಂಗಡಿಯ ಮರದ ಕಟ್ಟಡವನ್ನೇ ಕಿತ್ತು ಸಾಗಿಸಿಕೊಂಡು ಹೋದರು. ಹಳಿಯ ದೂರ ಕೆಲವೇ ಮೈಲಿ. ಆದರೆ ಧಾನ್ಯವನ್ನು ಗಾಡಿಯಲ್ಲಿ ಹೊರುವ ಕಾಲದಲ್ಲಿ ನಡುವೆ ನದಿಯಿರುವ ಕೆಲವೇ ಮೈಲಿಗಳು ಒಂದು ಪೇಟೆಯನ್ನು ಬತ್ತಿಸಲು ಸಾಕಾದವು.

ಪೇಟೆ ಹೋಯಿತು, ರೈತರು ಉಳಿದರು. ನಾನು ಗಮನಿಸಿದಂತೆ, ಇಲ್ಲಿಂದ ಮುಂದೆ ಆ ಊರು ಊರಾಗಿ ಉಳಿದದ್ದಕ್ಕೆ ಎರಡು ಆಸರೆಗಳು: ಚರ್ಚು ಮತ್ತು ಶಾಲೆ. ಅಂಗಡಿಗಳಿಲ್ಲದ ಊರಿಗೆ ಸುತ್ತಲಿನ ಹೊಲಗಳ ಕುಟುಂಬಗಳು ವಾರಕ್ಕೊಮ್ಮೆ ಪ್ರಾರ್ಥನೆಗೆ, ವಾರವಿಡೀ ಮಕ್ಕಳ ಓದಿಗೆ ಬರುತ್ತಿದ್ದವು. 1887ರ ಕಟ್ಟಡ ಸುಟ್ಟುಹೋದಾಗ, ರೈಲು ತಪ್ಪಿ ಮೂವತ್ತು ವರ್ಷವಾಗಿದ್ದರೂ, ಅವರು ಶಾಲೆಯನ್ನು ಬಿಟ್ಟುಕೊಡದೆ 1918ರಲ್ಲಿ ಮತ್ತೆ ಕಟ್ಟಿದರು. ನನ್ನ ಮಟ್ಟಿಗೆ ಈ ಎರಡನೆಯ ಕಟ್ಟಡವೇ ಹೆಚ್ಚಿನದು. ಭರವಸೆಯ ವರ್ಷದಲ್ಲಿ ಶಾಲೆ ಕಟ್ಟುವುದು ಬೇರೆ, ಊರು ಕರಗುತ್ತಿರುವುದನ್ನು ಕಣ್ಣಾರೆ ಕಾಣುತ್ತಾ ಕಟ್ಟುವುದು ಬೇರೆ.

1930ರ ದಶಕದ ಆರ್ಥಿಕ ಮುಗ್ಗಟ್ಟು, ಬರಗಾಲ, ಮಣ್ಣನ್ನೇ ಎಬ್ಬಿಸಿಕೊಂಡು ಹೋಗುತ್ತಿದ್ದ ದೂಳಿನ ಬಿರುಗಾಳಿಗಳು ಉಳಿದವರನ್ನೂ ಚೆದುರಿಸಿದವು. 1935ರಲ್ಲಿ ಊರಿನಲ್ಲಿ ಇದ್ದವರು 76 ಜನ. ಅಷ್ಟಾದರೂ 1939ರಲ್ಲಿ ಸರ್ಕಾರದ ಉದ್ಯೋಗ ಯೋಜನೆಯ ನೆರವಿನಿಂದ, ನೀವು ನೋಡಿದ ಸುಣ್ಣಕಲ್ಲಿನ ಟೌನ್‌ಶಿಪ್ ಸಭಾಭವನ ಎದ್ದಿತು. 1953ರಲ್ಲಿ ಅಂಚೆ ಕಚೇರಿ ಮುಚ್ಚಿತು. ಮಕ್ಕಳೇ ಇಲ್ಲದಂತಾಗಿ ಶಾಲೆಯೂ ಶತಮಾನದ ನಡುಭಾಗ ದಾಟಿದ ಮೇಲೆ ನಿಂತುಹೋಯಿತು.

ಭೂಮಾಪಕ:

ಮುಚ್ಚುವಿಕೆಯ ಬಗ್ಗೆ ಒಂದು ಮಾತು ಸೇರಿಸಬೇಕು. ಇದನ್ನು ನಿಕೋಡೆಮಸ್‌ನ ಸೋಲೆಂದು ತಿಳಿಯಬಾರದು. ಆ ಕಾಲದಲ್ಲಿ ಕಾನ್ಸಾಸ್‌ನ ಹಳ್ಳಿಶಾಲೆಗಳೆಲ್ಲ ಇದೇ ದಾರಿ ಹಿಡಿದವು. ಟ್ರ್ಯಾಕ್ಟರು ಬಂದ ಮೇಲೆ ಒಂದೊಂದು ಕುಟುಂಬ ಉಳುವ ನೆಲ ದೊಡ್ಡದಾಯಿತು, ಕುಟುಂಬಗಳ ಸಂಖ್ಯೆ ಕಡಿಮೆಯಾಯಿತು. ರಸ್ತೆ ಮತ್ತು ಶಾಲಾ ಬಸ್ಸುಗಳು ಬಂದ ಮೇಲೆ ಮಗು ನಡೆದು ಹೋಗುವಷ್ಟು ಹತ್ತಿರದಲ್ಲೇ ಶಾಲೆ ಇರಬೇಕೆಂಬ ಹಳೆಯ ಲೆಕ್ಕ ಸಡಿಲವಾಯಿತು. ಸಾವಿರಾರು ಪುಟ್ಟ ಶಾಲಾ ಜಿಲ್ಲೆಗಳನ್ನು ಕೂಡಿಸಲು 1945ರಲ್ಲಿ ಮಾಡಿದ ಕಾನೂನನ್ನು ರಾಜ್ಯದ ಸರ್ವೋಚ್ಚ ನ್ಯಾಯಾಲಯ 1947ರಲ್ಲಿ ತಳ್ಳಿಹಾಕಿತು, ಆದರೆ ಅಷ್ಟರಲ್ಲಿ ಬಹಳಷ್ಟು ಶಾಲೆಗಳು ಸೇರಿಹೋಗಿದ್ದವು. 1963ರ ಏಕೀಕರಣ ಕಾಯ್ದೆಯ ನಂತರ ಇಡೀ ರಾಜ್ಯಕ್ಕೆ ಮುನ್ನೂರರ ಆಸುಪಾಸು ಜಿಲ್ಲೆಗಳು ಉಳಿದವು. ಹಾಗಾಗಿ ಗ್ರಹಾಂ ಕೌಂಟಿಯ ಒಂದನೆಯ ಜಿಲ್ಲೆಗೆ ಸಂದ ಗತಿಯೇ ಎರಡನೆಯದಕ್ಕೂ ಮೂರನೆಯದಕ್ಕೂ ಸಂದಿತು.

ನಿವೃತ್ತ ಶಿಕ್ಷಕಿ:

ಭೂಮಾಪಕರು ಹೇಳಿದ್ದು ಲೆಕ್ಕಕ್ಕೆ ಸರಿ. ಆದರೂ ಪರಿಣಾಮ ಎಲ್ಲ ಊರಿಗೂ ಒಂದೇ ತೂಕದ್ದಾಗಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಬೇರೆ ಹಳ್ಳಿಯ ಮಗು ಪಕ್ಕದ ಊರಿನ ಶಾಲೆಗೆ ಹೋದಾಗ ತನ್ನಂಥವರ ನಡುವೆಯೇ ಕೂರುತ್ತಿತ್ತು. ನಿಕೋಡೆಮಸ್‌ನ ಮಗು ತಮ್ಮವರೇ ನಡೆಸುತ್ತಿದ್ದ ಶಾಲೆಯನ್ನು ಬಿಟ್ಟು, ಬಿಳಿಯರೇ ಹೆಚ್ಚಾಗಿದ್ದ ತರಗತಿಗೆ ಕಾಲಿಡಬೇಕಾಗಿತ್ತು. ಪ್ರೌಢಶಾಲೆಗೆ ಮೊದಲಿನಿಂದಲೂ ಹೊರಗೆ ಹೋಗುವುದು ಅನಿವಾರ್ಯವಾಗಿತ್ತು. ನಿಕೋಡೆಮಸ್‌ನಲ್ಲಿ ಬೆಳೆದ ವೆರಲ್ ಸ್ವಿಟ್ಜರ್ ಬೋಗ್‌ನ ಹೈಸ್ಕೂಲಿನಲ್ಲಿ ಓದಿ, ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದ ಹೆಸರಾಂತ ಫುಟ್‌ಬಾಲ್ ಆಟಗಾರರಾಗಿ, 1954ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡಕ್ಕೆ ಮೊದಲ ಸುತ್ತಿನಲ್ಲೇ ಆಯ್ಕೆಯಾದರು. ನಂತರ ಅದೇ ವಿಶ್ವವಿದ್ಯಾಲಯದ ಆಡಳಿತದಲ್ಲಿ ಬಹುಕಾಲ ದುಡಿದರು. ನ್ಯಾಯಪಥ ಅವರು ಹೇಳಿದ ತೀರ್ಪಿನ ವರ್ಷವೂ ಅದೇ. ರೈಲು ಕಸಿದುಕೊಂಡ ಊರಾದ ಬೋಗ್‌ಗೆ ನಿಕೋಡೆಮಸ್‌ನ ಮಕ್ಕಳು ಓದಲು ಹೋದದ್ದನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಹಳೆಯ ಗ್ರಂಥಪಾಲಕ:

ಬಯಲದಾರಿಯವರು ಮತ್ತೆ ಆ ದಾರಿಯಲ್ಲಿ ಹೋಗುವುದಾದರೆ ಜುಲೈ ತಿಂಗಳ ಕೊನೆಯ ವಾರಾಂತ್ಯವನ್ನು ಆರಿಸಿಕೊಳ್ಳಲಿ. ವಿಮೋಚನೆಯ ಹಬ್ಬವೆಂದು ಊರಿನ ಆರಂಭದ ವರ್ಷಗಳಿಂದ ಆಚರಿಸಿಕೊಂಡು ಬಂದ ಕೂಟ ಈಗ ಊರಿಗೆ ಮರಳುವ ಹಬ್ಬವಾಗಿ ನಡೆಯುತ್ತದೆ. ದೇಶದ ಮೂಲೆಮೂಲೆಗಳಲ್ಲಿ ನೆಲೆಸಿರುವ ವಂಶಸ್ಥರು ಅಲ್ಲಿಗೆ ಬರುತ್ತಾರೆ. ಊರನ್ನು 1976ರಲ್ಲಿ ರಾಷ್ಟ್ರೀಯ ಹೆಗ್ಗುರುತೆಂದೂ 1996ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣವೆಂದೂ ಘೋಷಿಸಿದಾಗ ಐದು ಕಟ್ಟಡಗಳನ್ನು ಅದರ ಹೃದಯಭಾಗವೆಂದು ಗುರುತಿಸಿದರು: ಎರಡು ಚರ್ಚುಗಳು, ಫ್ಲೆಚರ್ ದಂಪತಿಗಳ ಹೋಟೆಲು, ಸಭಾಭವನ ಮತ್ತು ಶಾಲೆ. ಆ ಎರಡು ದಿನ ಶಾಲೆಯ ಬಳಿ ನಿಂತರೆ, ಫಲಕಗಳಲ್ಲಿ ಬರೆಯದ ಕೆಲವು ಸಂಗತಿಗಳನ್ನು ಅಲ್ಲಿಯ ಹಿರಿಯರ ಬಾಯಿಂದಲೇ ನಿಮ್ಮ ಮಗಳು ಕೇಳಬಹುದು.

ಬಯಲದಾರಿ:

ಖಂಡಿತ ಹಾಗೆಯೇ ಮಾಡುತ್ತೇವೆ. ಗೋಡೆಯ ಮೇಲೆ ಅಂಟಿಸಲು ಮಗಳು ಒಂದು ಚಿತ್ರ ಬರೆದಿದ್ದಾಳೆ: ಹುಲ್ಲಿನ ದಿಬ್ಬ, ಅದರ ಮಗ್ಗುಲಲ್ಲಿ ತೆರೆದ ಬಾಗಿಲು, ಮೇಲೆ ಹೊಗೆ, ಬಾಗಿಲ ಮೇಲೆ ಒಂದು ಎಂಬ ಅಂಕಿ. ಬಾಗಿಲನ್ನು ತೆರೆದೇ ಬರೆದದ್ದು ಒಳಗೆ ಬೆಳಕು ಹೋಗಲೆಂದು ಹೇಳಿದಳು.